ಆನೆ ಎದುರಾದಾಗ ಓಡುವವರು, ನಿಲ್ಲುವವರು: ಮಿದುಳು, ಭಯ ಮತ್ತು ಹೆಣ್ಣು–ಗಂಡು ವ್ಯತ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಲ್ಲಿ ಆನೆಯ ಕಥೆ ಇಲ್ಲದ ಮನೆ ಹುಡುಕುವುದು ಕಷ್ಟ. ಕಾಲೇಜಿನಲ್ಲಿ ನರಮಂಡಲದ ಪಾಠ ಶುರುವಾದರೆ ಸಾಕು, ಪುಸ್ತಕದ ಪ್ರಶ್ನೆಗಿಂತ ಮೊದಲು ತೋಟದ ಪ್ರಶ್ನೆಗಳು ಬರುತ್ತವೆ. "ಅಮ್ಮ ಓಡಿಹೋದ್ರು, ಅಪ್ಪ ನಿಂತಲ್ಲೇ ನಿಂತ್ಬಿಟ್ರು, ಯಾಕೆ?" ಪೋಷಕರ ಸಭೆಯಲ್ಲಿ ಕೇಳಿದವರಿದ್ದಾರೆ, ಕಾಫಿ ಕಣದ ಬದಿಯಲ್ಲಿ ನಿಲ್ಲಿಸಿ ಕೇಳಿದವರೂ ಇದ್ದಾರೆ. ಮತ್ತೆ ಮತ್ತೆ ಬಂದವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಬಹುಪಾಲು ಸಂಗತಿ ಪ್ರಯೋಗಾಲಯದ ಪ್ರಾಣಿಗಳಿಂದ ಬಂದದ್ದು. ಇಲಿ ಎಂದರೆ ದೊಡ್ಡ ಜಾತಿಯದು, ಸುಂಡಿಲಿ ಎಂದರೆ ಚಿಕ್ಕದು. ಮನುಷ್ಯರ ಅಧ್ಯಯನವಾದರೆ ಹಾಗೆಂದೇ ಹೇಳಿದ್ದೇನೆ.

ಆನೆ ಕಣ್ಣಿಗೆ ಬಿದ್ದ ಕ್ಷಣ ಮಿದುಳಿನೊಳಗೆ ಏನು ನಡೆಯುತ್ತದೆ?

ರೊಬಸ್ಟಾ ಗಿಡಗಳ ಸಂದಿಯಲ್ಲಿ ಬೂದು ಬಣ್ಣದ್ದೇನೋ ಅಲುಗಿತು ಅಂತಿಟ್ಟುಕೊಳ್ಳಿ. ಅದು ಬಂಡೆಯೋ ಆನೆಯೋ ಎಂದು ನೀವು ತೀರ್ಮಾನಿಸುವ ಮೊದಲೇ ಕಣ್ಣಿನ ಸುದ್ದಿ ನಡುಮಿದುಳಿನ ಸುಪೀರಿಯರ್ ಕಾಲಿಕ್ಯುಲಸ್ ಎಂಬ ಭಾಗಕ್ಕೆ ತಲುಪಿರುತ್ತದೆ. ಈ ದಾರಿ ಎಷ್ಟು ಹಳೆಯದು ಎಂಬುದಕ್ಕೆ 2013ರ ಒಂದು ಪ್ರಯೋಗ ನೋಡಿ. ಮೆಲಿಸ್ ಯಿಲ್ಮಾಜ್ ಮತ್ತು ಮಾರ್ಕಸ್ ಮೈಸ್ಟರ್ ಸುಂಡಿಲಿಗಳ ತಲೆಯ ಮೇಲೆ ಪರದೆ ಇಟ್ಟು, ಅದರಲ್ಲಿ ಕಪ್ಪು ವೃತ್ತವೊಂದು ದೊಡ್ಡದಾಗುತ್ತ ಬರುವಂತೆ ಮಾಡಿದರು. ಮೇಲಿಂದ ಹದ್ದು ಎರಗಿದರೆ ಕಾಣುವುದು ಹಾಗೆಯೇ. ಯಾರೂ ಕಲಿಸದಿದ್ದರೂ ಸುಂಡಿಲಿಗಳು ಮರೆಗೆ ಓಡಿದವು, ಇಲ್ಲವೇ ಇದ್ದಲ್ಲೇ ಮರಗಟ್ಟಿದವು.

ಹಿಂದೆ ಪೆಟ್ಟು ತಿಂದ ಅನುಭವವಿದ್ದರೆ ಅಮಿಗ್ಡಲಾದ ಪಾತ್ರ ದೊಡ್ಡದು. ಕಿವಿಯ ಮೇಲ್ಭಾಗದ ನೇರಕ್ಕೆ, ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು ಇರುವ ಸಣ್ಣ ನರಗುಚ್ಛ ಅದು. ಕೊಂಬೆ ಮುರಿಯುವ ಲಟಲಟ ಸದ್ದಿಗೂ ಆನೆಗೂ ನಂಟು ಹಾಕಿಕೊಡುವುದು ಅದರ ಪಾರ್ಶ್ವಭಾಗ. ಅಲ್ಲಿಂದ ಸುದ್ದಿ ಅಮಿಗ್ಡಲಾದ ಕೇಂದ್ರಭಾಗಕ್ಕೆ, ಅಲ್ಲಿಂದ ಕೆಳಗೆ ಪಿಎಜಿಗೆ. ಪೆರಿಅಕ್ವಿಡಕ್ಟಲ್ ಗ್ರೇ ಎಂಬ ಉದ್ದ ಹೆಸರಿನ ಈ ಜಾಗ ನಡುಮಿದುಳಿನ ದ್ರವನಾಳದ ಸುತ್ತ ಇದೆ. ಓಡುವುದೋ ನಿಲ್ಲುವುದೋ ಎಂಬ ಪ್ರಶ್ನೆ ಸ್ನಾಯುಗಳ ಭಾಷೆಗೆ ಇಳಿಯುವುದು ಬಹುಮಟ್ಟಿಗೆ ಇಲ್ಲೇ. ಇದರ ಬೆನ್ನಿನ ಕಡೆಯ ಮತ್ತು ಪಕ್ಕದ ಪಟ್ಟಿಗಳನ್ನು ಕೆರಳಿಸಿದರೆ ಪ್ರಾಣಿ ಓಡುತ್ತದೆ, ನೆಗೆಯುತ್ತದೆ. ಹೊಟ್ಟೆಯ ಕಡೆಯ ಪಟ್ಟಿಯನ್ನು ಕೆರಳಿಸಿದರೆ ಅಲ್ಲಾಡದೆ ನಿಲ್ಲುತ್ತದೆ. 2016ರಲ್ಲಿ ಫಿಲಿಪ್ ಟೊವೊಟೆ ಮತ್ತು ಸಂಗಡಿಗರು ಸುಂಡಿಲಿಗಳಲ್ಲಿ ಇದರ ಒಳಕೆಲಸವನ್ನು ಬಿಡಿಸಿ ತೋರಿಸಿದರು: ಹೊಟ್ಟೆಯ ಕಡೆಯ ಪಟ್ಟಿಯಲ್ಲಿ ಮರಗಟ್ಟಿಸುವ ನರಕೋಶಗಳನ್ನು ಸದಾ ಅದುಮಿ ಹಿಡಿದಿರುವ ಬೇರೆ ನರಕೋಶಗಳಿವೆ. ಅಮಿಗ್ಡಲಾದಿಂದ ಬರುವ ಸಂದೇಶ ಆ ಅದುಮುವವರನ್ನು ಸುಮ್ಮನಾಗಿಸುತ್ತದೆ. ಅಂದರೆ ಮರಗಟ್ಟುವ ಶಕ್ತಿ ಸದಾ ತಯಾರಾಗಿಯೇ ಇರುತ್ತದೆ, ಹಿಡಿತ ಸಡಿಲಿಸುವುದಷ್ಟೇ ಬಾಕಿ.

ಅಪಾಯ ಎಷ್ಟು ಹತ್ತಿರದಲ್ಲಿದೆ ಎಂಬುದೂ ದೊಡ್ಡ ಮಾತು. ದೂರದಲ್ಲಿದ್ದರೆ ನಿಲ್ಲುವುದು, ಮೈಮೇಲೆ ಬಂದರೆ ಓಡುವುದು ಅಥವಾ ಎದುರುಬೀಳುವುದು. ಮೈಕೆಲ್ ಫ್ಯಾನ್ಸೆಲೋ 1980ರ ದಶಕದಲ್ಲಿ ಇದನ್ನೊಂದು ಸಿದ್ಧಾಂತವಾಗಿ ಕಟ್ಟಿದರು. 2007ರಲ್ಲಿ ಡೀನ್ ಮಾಬ್ಸ್ ತಂಡ ಮನುಷ್ಯರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಬೆನ್ನಟ್ಟಿ ಹಿಡಿದರೆ ಕೈಗೆ ಶಾಕ್ ಕೊಡುವ ಒಂದು ಕಂಪ್ಯೂಟರ್ ಆಟ ಆಡಿಸಿತು. ಬೆನ್ನಟ್ಟುವವ ದೂರವಿದ್ದಾಗ ಹಣೆಯ ಹಿಂದಿನ ಪ್ರಿಫ್ರಾಂಟಲ್ ಕಾರ್ಟೆಕ್ಸ್ ಚುರುಕಾಗಿತ್ತು. ಹತ್ತಿರವಾದಂತೆ ಚಟುವಟಿಕೆ ಪಿಎಜಿ ಕಡೆ ಜಾರಿತು. ಯೋಚನೆ ಮಾಡಿ ಹೆಜ್ಜೆ ಇಡಬೇಕು ಎಂದು ಬುದ್ಧಿ ಹೇಳುವವರು ಮೂವತ್ತು ಅಡಿಯಲ್ಲಿ ಆನೆ ನಿಂತಾಗ ಯೋಚನೆ ಮಾಡುವ ಭಾಗಕ್ಕೆ ಎಷ್ಟು ಪುರಸೊತ್ತು ಸಿಗುತ್ತದೆ ಎಂಬುದನ್ನೂ ಯೋಚಿಸಬೇಕು.

ನಿಂತಲ್ಲೇ ಮರಗಟ್ಟುವುದು ಹೇಡಿತನವಲ್ಲವೇ? ಗಂಡಸಾಗಿ ನಿಂತುಬಿಟ್ಟನಲ್ಲ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ.

ಅಲ್ಲ. ಮರಗಟ್ಟಿದ ದೇಹ ಸುಮ್ಮನೆ ಇರುವುದಿಲ್ಲ. ಎದೆಬಡಿತ ಇಳಿಯುತ್ತದೆ, ಆದರೆ ಸ್ನಾಯುಗಳು ಬಿಗಿದುಕೊಂಡು ಮುಂದಿನ ನೆಗೆತಕ್ಕೆ ಸಜ್ಜಾಗಿರುತ್ತವೆ. ಕಣ್ಣು ಕಿವಿ ಪೂರ್ತಿ ತೆರೆದಿರುತ್ತವೆ. ಬೇಟೆಗಾರ ಪ್ರಾಣಿಗಳ ಕಣ್ಣಿಗೆ ಚಲನೆ ಬೇಗ ಬೀಳುವುದರಿಂದ ಅಲುಗಾಡದವನು ಉಳಿಯುವ ಸಂದರ್ಭಗಳು ಎಷ್ಟೋ. ವಾಲ್ಟರ್ ಕ್ಯಾನನ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾದಾಟ ಮತ್ತು ಓಟಗಳನ್ನು ಜೋಡಿಯಾಗಿ ಹೇಳಿದ್ದು ಜನಪ್ರಿಯವಾಯಿತು, ಮೂರನೆಯದಾದ ಈ ನಿಲುವು ಸಾಮಾನ್ಯ ಜನರ ಮಾತಿಗೆ ಸರಿಯಾಗಿ ಬರಲೇ ಇಲ್ಲ. ನಿಂತವರು ಅದನ್ನು ಆರಿಸಿಕೊಂಡು ನಿಂತದ್ದಲ್ಲ, ಓಡಿದವರೂ ಆರಿಸಿಕೊಂಡು ಓಡಿದ್ದಲ್ಲ.

ಸರಿ, ಹೆಣ್ಣು ಗಂಡಿನ ನಡುವೆ ವ್ಯತ್ಯಾಸ ಇದೆಯೋ ಇಲ್ಲವೋ, ನೇರವಾಗಿ ಹೇಳಿ.

ಇದೆ. ಆದರೆ ಜನ ಅಂದುಕೊಂಡ ಜಾಗದಲ್ಲಿಲ್ಲ.

ಇಲಿಗಳ ಭಯವನ್ನು ಅಳೆಯುವ ಹಳೆಯ ಕ್ರಮ ಹೀಗಿದೆ: ಒಂದು ಸದ್ದು ಕೇಳಿಸಿ ಕಾಲಿಗೆ ಸಣ್ಣ ಶಾಕ್ ಕೊಡುವುದು. ಕೆಲವು ಬಾರಿ ಆದಮೇಲೆ ಬರೀ ಸದ್ದಿಗೇ ಇಲಿ ಮರಗಟ್ಟುತ್ತದೆ. ಎಷ್ಟು ಸೆಕೆಂಡು ಮರಗಟ್ಟಿತು ಎಂದು ಎಣಿಸಿದರೆ ಅದೇ ಭಯದ ಅಳತೆ. ಈ ಲೆಕ್ಕದಲ್ಲಿ ಹೆಣ್ಣಿಲಿಗಳು ಹಲವು ಸಲ ಕಡಿಮೆ ಮರಗಟ್ಟುತ್ತಿದ್ದವು. ತೀರ್ಮಾನ ಸುಲಭವಾಗಿತ್ತು: ಇವಕ್ಕೆ ಪಾಠ ಸರಿಯಾಗಿ ಹತ್ತಿಲ್ಲ, ಅಥವಾ ಇವಕ್ಕೆ ಭಯ ಕಡಿಮೆ.

2015ರಲ್ಲಿ ಅಮೆರಿಕದ ಬಾಸ್ಟನ್ ನಗರದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಶಾನ್ಸ್ಕಿ ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ಸದ್ದು ಕೇಳಿದ ಕೂಡಲೇ ಕೆಲವು ಇಲಿಗಳು ಮರಗಟ್ಟುವ ಬದಲು ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ಸರಕ್ಕನೆ ಓಡುತ್ತಿದ್ದವು. ಹೆಣ್ಣಿಲಿಗಳಲ್ಲಿ ಸುಮಾರು 40 ಶೇಕಡಾ ಹೀಗೆ ಓಡಿದರೆ, ಗಂಡಿಲಿಗಳಲ್ಲಿ ಸುಮಾರು 10 ಶೇಕಡಾ. ಓಡಿದ ಇಲಿಗೆ ಪಾಠ ಹತ್ತಿತ್ತು, ಅದನ್ನು ಹೇಳಿದ ರೀತಿ ಬೇರೆ, ಅಷ್ಟೆ. ಹಳೆಯ ಲೆಕ್ಕದಲ್ಲಿ ಇಂಥ ಇಲಿಯ ಪಾಲಿಗೆ ಬಂದದ್ದು ಕಡಿಮೆ ಅಂಕ.

ಮಳೆಮಾಪಕವನ್ನು ಸಿಲ್ವರ್ ಓಕ್ ಮರದಡಿ ಇಟ್ಟು ಈ ವರ್ಷ ಇಷ್ಟೇ ಇಂಚು ಮಳೆ ಎಂದು ಪುಸ್ತಕದಲ್ಲಿ ಬರೆದ ಹಾಗಾಯಿತು ಇದು. ಮಳೆ ಸುರಿದಿತ್ತು, ಡಬ್ಬಿಯನ್ನು ಇಟ್ಟ ಜಾಗ ತಪ್ಪು.

ಇಲ್ಲಿಗೇ ಮುಗಿಯಿತು ಅನ್ನಬೇಡಿ. 2022ರಲ್ಲಿ ಫ್ಯಾನ್ಸೆಲೋ ಅವರ ತಂಡ ಸುಂಡಿಲಿಗಳ ಮೇಲೆ ಪ್ರಯೋಗ ಮಾಡಿ, ಇಂಥ ಓಟದ ಹೆಚ್ಚಿನ ಪಾಲು ಸದ್ದಿಗೂ ಶಾಕಿಗೂ ಕಲಿತ ನಂಟಿನಿಂದ ಬಂದದ್ದಲ್ಲ, ಶಾಕ್ ತಿಂದು ಬೆಚ್ಚಿಬೀಳುವ ಸ್ಥಿತಿಯಲ್ಲಿರುವ ಪ್ರಾಣಿ ಜೋರು ಸದ್ದಿಗೆ ಬೆಚ್ಚುವುದು ಎಂದು ವಾದಿಸಿತು. ವಾದ ಇನ್ನೂ ನಡೆಯುತ್ತಿದೆ. ನನಗೆ ಕಾಣುವಂತೆ, ಓಟ ಕಲಿತದ್ದೋ ಬೆಚ್ಚಿದ್ದೋ ಎಂಬ ಜಗಳ ಹೇಗೇ ತೀರ್ಮಾನವಾದರೂ ಮರಗಟ್ಟುವುದೊಂದನ್ನೇ ಎಣಿಸಿ ಹೆಣ್ಣಿನ ಭಯಕ್ಕೆ ಅಂಕ ಕೊಡುವ ಪದ್ಧತಿ ಮತ್ತೆ ನಿಲ್ಲಲಾರದು.

ಇಷ್ಟು ಸರಳ ವಿಷಯ ಇಷ್ಟು ದಿನ ಯಾಕೆ ಕಾಣಲಿಲ್ಲ?

ಹೆಣ್ಣುಪ್ರಾಣಿಗಳನ್ನು ನೋಡಿದವರೇ ಕಡಿಮೆ. ಅನ್ನಲೀಸ್ ಬೀರಿ ಮತ್ತು ಇರ್ವಿಂಗ್ ಜುಕರ್ 2009ರ ಸಂಶೋಧನಾ ಲೇಖನಗಳನ್ನು ಎಣಿಸಿ 2011ರಲ್ಲಿ ಪ್ರಕಟಿಸಿದರು: ನರವಿಜ್ಞಾನದಲ್ಲಿ ಒಂದೇ ಲಿಂಗದ ಪ್ರಾಣಿ ಬಳಸಿದ ಅಧ್ಯಯನಗಳಲ್ಲಿ, ಹೆಣ್ಣಿನ ಮೇಲೆ ಒಂದು ನಡೆದಿದ್ದರೆ ಗಂಡಿನ ಮೇಲೆ 5.5 ನಡೆದಿದ್ದವು. ಹೆಣ್ಣಿನಲ್ಲಿ ಹಾರ್ಮೋನು ಏರಿಳಿಯುತ್ತದೆ, ಫಲಿತಾಂಶ ಚೆಲ್ಲಾಪಿಲ್ಲಿಯಾಗುತ್ತದೆ ಎಂಬುದು ಕೊಡುತ್ತಿದ್ದ ಕಾರಣ. ಅದೂ ನಿಲ್ಲಲಿಲ್ಲ. 2014ರಲ್ಲಿ ಬ್ರಯನ್ ಪ್ರೆಂಡರ್‌ಗಾಸ್ಟ್ ಮತ್ತು ಸಂಗಡಿಗರು 293 ಲೇಖನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಹೆಣ್ಣು ಸುಂಡಿಲಿಗಳ ಏರುಪೇರು ಗಂಡಿಗಿಂತ ಹೆಚ್ಚೇನೂ ಇರಲಿಲ್ಲ. ಗಂಡುಗಳನ್ನು ಒಂದೇ ಪಂಜರದಲ್ಲಿ ಹಾಕಿದರೆ ಅವುಗಳ ಜಗಳದಿಂದಲೇ ಏರುಪೇರು ಸಾಕಷ್ಟಾಗುತ್ತದೆ. ಎರಡೂ ಲಿಂಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕೇಳಲು ಶುರುಮಾಡಿದ್ದು 2016ರಿಂದ.

ನಮ್ಮಲ್ಲೂ ಹಾಗೇ ಇತ್ತು. ದೀರ್ಘ ಒತ್ತಡದಿಂದ ಇಲಿಯ ಹಿಪೊಕ್ಯಾಂಪಸ್ ಎಂಬ ನೆನಪಿನ ಕೇಂದ್ರದ ನರಕೋಶಗಳ ಕೊಂಬೆಗಳು ಸೊರಗುತ್ತವೆ, ಆದರೆ ಅಮಿಗ್ಡಲಾದಲ್ಲಿ ಅವು ಬೆಳೆಯುತ್ತವೆ ಎಂದು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಅವರ ತಂಡ 2002ರಲ್ಲಿ ತೋರಿಸಿತು. ಜಗತ್ತಿನ ಪಠ್ಯಗಳಲ್ಲಿ ಸೇರಿಹೋದ ಕೆಲಸ ಅದು. ಅಲ್ಲಿಯೂ ಬಳಸಿದ್ದು ಗಂಡಿಲಿಗಳನ್ನೇ. ಆ ಕಾಲದ ರೂಢಿ.

ಪ್ರಯೋಗ ಮಾಡುವವರು ಯಾರು ಎಂಬುದೂ ಸಣ್ಣ ಮಾತಲ್ಲ. 2014ರಲ್ಲಿ ಕೆನಡಾದ ಜೆಫ್ರಿ ಮೊಗಿಲ್ ಅವರ ತಂಡ ಕಂಡುಕೊಂಡಂತೆ, ಗಂಡಸು ಪಕ್ಕದಲ್ಲಿ ಕೂತರೆ ಇಲಿ–ಸುಂಡಿಲಿಗಳಿಗೆ ಒತ್ತಡ ಏರಿ ನೋವಿನ ಅರಿವೇ ತಗ್ಗುತ್ತಿತ್ತು. ಗಂಡಸು ತೊಟ್ಟ ಟೀ ಶರ್ಟ್ ಇಟ್ಟರೂ ಅದೇ ಕಥೆ. ಹೆಂಗಸರಿದ್ದಾಗ ಹಾಗಾಗಲಿಲ್ಲ.

ಮಿದುಳಿನ ಯಾವ ಜಾಗದಲ್ಲಿ ಈ ವ್ಯತ್ಯಾಸ ಇದೆ?

ಒಂದೇ ಜಾಗ ತೋರಿಸಿ ಇಲ್ಲಿದೆ ಅನ್ನಲು ಆಗುವುದಿಲ್ಲ. ಭಯದ ಸರ್ಕ್ಯೂಟಿನ ನಕ್ಷೆ ಎರಡರಲ್ಲೂ ಒಂದೇ. ಅದೇ ಅಮಿಗ್ಡಲಾ, ಅದೇ ಪಿಎಜಿ. ಎಲ್ಲಿ ಎಷ್ಟು ಜೋರು, ಎಲ್ಲಿ ಎಷ್ಟು ಹೊತ್ತು ಎಂಬುದರಲ್ಲಿ ವ್ಯತ್ಯಾಸ. ಚೆನ್ನಾಗಿ ಅಧ್ಯಯನವಾದ ನಾಲ್ಕು ಕಡೆ ಹೇಳುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲೋಕಸ್ ಸೆರುಲಿಯಸ್. ಮಿದುಳುಕಾಂಡದಲ್ಲಿರುವ ಈ ಪುಟ್ಟ ಚುಕ್ಕೆಯಿಂದಲೇ ಮಿದುಳಿಗೆಲ್ಲ ನಾರ್‌ಅಡ್ರಿನಲಿನ್ ಹರಿದು ನಾವು ಎಚ್ಚೆತ್ತುಕೊಳ್ಳುತ್ತೇವೆ. ಒತ್ತಡ ಬಂದಾಗ ಸಿಆರ್‌ಎಫ್ ಎಂಬ ರಾಸಾಯನಿಕ ಇಲ್ಲಿಯ ನರಕೋಶಗಳ ಗ್ರಾಹಕಗಳಿಗೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನುಗಳಿಗೆ, ಅಂಟಿಕೊಂಡು ಅವನ್ನು ಚುರುಕಾಗಿಸುತ್ತದೆ. ಡೆಬ್ರಾ ಬ್ಯಾಂಗಾಸರ್ ಮತ್ತು ರೀಟಾ ವ್ಯಾಲೆಂಟಿನೊ 2010ರಲ್ಲಿ ಇಲಿಗಳಲ್ಲಿ ಕಂಡದ್ದು ಇಷ್ಟು: ಒತ್ತಡದ ನಂತರ ಗಂಡಿಲಿಯ ನರಕೋಶ ಈ ಗ್ರಾಹಕಗಳನ್ನು ಕೋಶದೊಳಗೆ ಎಳೆದುಕೊಳ್ಳುತ್ತದೆ, ಬೀಟಾ ಅರೆಸ್ಟಿನ್ ಎಂಬ ಪ್ರೋಟೀನು ಬಂದು ಅಂಟಿಕೊಳ್ಳುವುದರಿಂದ ಹೀಗಾಗುತ್ತದೆ. ಗ್ರಾಹಕ ಒಳಗೆ ಹೋದಮೇಲೆ ಮುಂದಿನ ಒತ್ತಡಕ್ಕೆ ಕೋಶ ಅಷ್ಟು ಕಿವಿಗೊಡುವುದಿಲ್ಲ. ಹೆಣ್ಣಿಲಿಯಲ್ಲಿ ಆ ಪ್ರೋಟೀನು ಸರಿಯಾಗಿ ಅಂಟಿಕೊಳ್ಳುವುದಿಲ್ಲ, ಗ್ರಾಹಕ ಹೊರಗೇ ಉಳಿಯುತ್ತದೆ. ಜೊತೆಗೆ ಆ ಗ್ರಾಹಕದ ಸಂದೇಶವೂ ಮೊದಲಿನಿಂದಲೇ ಹೆಚ್ಚು ಬಿರುಸು. ಅಂದರೆ ಒಂದು ಅಣುವಿನ ಮಟ್ಟಕ್ಕೆ ಇಳಿದು ನೋಡಿದರೂ ವ್ಯತ್ಯಾಸ ಸಿಗುತ್ತದೆ. ಅಪಾಯ ಕಳೆದಮೇಲೂ ಎಚ್ಚರ ಇಳಿಯದೆ ಉಳಿಯುವುದಕ್ಕೆ ಇದೊಂದು ಕಾರಣವಿರಬಹುದು ಎಂಬುದು ಅವರ ಊಹೆ.

ಎರಡನೆಯದು ಬಿಎನ್‌ಎಸ್‌ಟಿ, ಅಮಿಗ್ಡಲಾದ ನೆರೆಯ ಕೇಂದ್ರ. ಕಣ್ಣೆದುರಿನ ಆನೆಗಿಂತ, ಇವತ್ತು ರಾತ್ರಿ ಬರಬಹುದಾದ ಆನೆಯ ಬಗೆಗಿನ ದಿಗಿಲು ಇದರ ಕ್ಷೇತ್ರ. ಇದರ ಕೆಲವು ಭಾಗಗಳು ಇಲಿಗಳಲ್ಲೂ ಮನುಷ್ಯರಲ್ಲೂ ಸರಾಸರಿಯಲ್ಲಿ ಗಂಡಿನಲ್ಲಿ ದೊಡ್ಡವು. ಗಾತ್ರ ಹೆಚ್ಚು ಅಂದರೆ ದಿಗಿಲು ಹೆಚ್ಚು ಎಂದೇನೂ ಅಲ್ಲ. ಕ್ಯಾಲಿಫೋರ್ನಿಯಾ ಸುಂಡಿಲಿ ಎಂಬ ಜಾತಿಯಲ್ಲಿ ಹೆಣ್ಣೂ ತನ್ನ ಜಾಗಕ್ಕಾಗಿ ಕಾದಾಡುತ್ತದೆ, ಹಾಗಾಗಿ ಸೋಲಿನ ಪರಿಣಾಮವನ್ನು ಎರಡರಲ್ಲೂ ನೋಡಬಹುದು. ಸೋತ ಹೆಣ್ಣುಗಳು ಅಪರಿಚಿತ ಸುಂಡಿಲಿಯನ್ನು ದೂರದಿಂದ ಗಮನಿಸುತ್ತವೆ, ಹತ್ತಿರ ಹೋಗುವುದಿಲ್ಲ. 2020ರಲ್ಲಿ ಬ್ರಯನ್ ಟ್ರೇನರ್ ಅವರ ತಂಡ ಬಿಎನ್‌ಎಸ್‌ಟಿಯಲ್ಲಿ ಆಕ್ಸಿಟೋಸಿನ್ ತಯಾರಾಗುವುದನ್ನು ತಡೆದಾಗ ಆ ಹಿಂಜರಿಕೆ ಹುಟ್ಟಲೇ ಇಲ್ಲ. ಪ್ರೀತಿಯ ಹಾರ್ಮೋನು ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಆಕ್ಸಿಟೋಸಿನ್ನೇ ಇಲ್ಲಿ ದೂರ ಇರು ಅನ್ನುತ್ತಿದೆ.

ಮೂರನೆಯದು ಮಿದುಳಿನ ತಳಭಾಗದ ಹೈಪೋಥಲಾಮಸ್, ಅದರ ಮಾತು ಮುಂದೆ ದಸರಾ ಆನೆ ಅರ್ಜುನನ ಪ್ರಶ್ನೆಯಲ್ಲಿ ಬರುತ್ತದೆ. ನಾಲ್ಕನೆಯದು ಮನುಷ್ಯರದ್ದು: ಅಮೆರಿಕದ ಅಟ್ಲಾಂಟಾದಲ್ಲಿ ಕೆರ‍್ರಿ ರೆಸ್ಲರ್ ತಂಡ 2011ರಲ್ಲಿ, ಪಿಎಸಿಎಪಿ ಎಂಬ ಒತ್ತಡದ ಪೆಪ್ಟೈಡಿನ ಗ್ರಾಹಕದ ಜೀನ್‌ನಲ್ಲಿರುವ ಒಂದು ಬದಲಾವಣೆಗೂ ಆಘಾತದ ನಂತರದ ಮಾನಸಿಕ ತೊಂದರೆಗೂ ನಂಟು ಕಂಡಿತು. ಈ ನಂಟು ಹೆಂಗಸರಲ್ಲಿ ಮಾತ್ರ ಕಾಣಿಸಿತು, ಮತ್ತು ಆ ಬದಲಾವಣೆ ಇದ್ದದ್ದು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಬಂದು ಕೂರುವ ಜಾಗದಲ್ಲೇ.

ಹಾಗಾದರೆ ಎಲ್ಲ ಹಾರ್ಮೋನಿನ ಆಟ ತಾನೇ? ಮುಟ್ಟಿನ ದಿನಗಳಲ್ಲಿ ಹೆದರಿಕೆ ಜಾಸ್ತಿಯೇ?

"ಎಲ್ಲ" ಎಂಬ ಮಾತು ಬಿಡಿ. ಈಸ್ಟ್ರೊಜೆನ್‌ನ ಪ್ರಭಾವ ಹೆಚ್ಚು ಸ್ಪಷ್ಟವಾಗಿ ಕಂಡಿರುವುದು ಹೆದರುವುದರಲ್ಲಿ ಅಲ್ಲ, ಹೆದರಿಕೆ ಆರುವುದರಲ್ಲಿ. ಸದ್ದು ಬಂದರೂ ಶಾಕ್ ಬರುವುದಿಲ್ಲ ಎಂದು ಮತ್ತೆ ಮತ್ತೆ ತೋರಿಸಿದರೆ ಪ್ರಾಣಿ ನಿಧಾನಕ್ಕೆ ಸಮಾಧಾನವಾಗುತ್ತದೆ. ಇದೊಂದು ಹೊಸ ಕಲಿಕೆ, ಹಳೆಯದು ಅಳಿಸಿಹೋಗುವುದಲ್ಲ. ಪ್ರಿಫ್ರಾಂಟಲ್ ಕಾರ್ಟೆಕ್ಸ್ ಅಮಿಗ್ಡಲಾವನ್ನು ಹದ್ದುಬಸ್ತಿಗೆ ತರುವ ಕೆಲಸ ಇದು. ಮೊಹಮ್ಮದ್ ಮಿಲಾದ್ ಅವರ ಅಧ್ಯಯನಗಳಲ್ಲಿ, ಹಾರ್ಮೋನು ಏರಿದ ಘಟ್ಟದಲ್ಲಿ ಈ ಪಾಠ ಕಲಿತ ಹೆಣ್ಣಿಲಿಗಳು ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡವು, ಇಳಿದ ಘಟ್ಟದಲ್ಲಿ ಕಲಿತವು ಅಷ್ಟಾಗಿ ಇಲ್ಲ. 2010ರಲ್ಲಿ ಹೆಂಗಸರಲ್ಲೂ ಇದೇ ದಿಕ್ಕಿನ ಫಲಿತಾಂಶ ಸಿಕ್ಕಿತು: ಈಸ್ಟ್ರಡಯೋಲ್ (ಈಸ್ಟ್ರೊಜೆನ್‌ನ ಒಂದು ಬಗೆ) ಹೆಚ್ಚಿದ್ದ ದಿನಗಳಲ್ಲಿ ಸಮಾಧಾನದ ನೆನಪು ಗಟ್ಟಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ತುಸು ಸಡಿಲ ಎಂದು 2013ರ ಅಧ್ಯಯನವೊಂದು ಹೇಳಿತು. ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ. ಪ್ರಯೋಗಾಲಯದ ಸರಾಸರಿ ಅದು, ನಿಮ್ಮ ವೈದ್ಯರ ಸಲಹೆಯಲ್ಲ.

ಮಗು ಕಂಕುಳಲ್ಲಿದ್ದರೆ ತಾಯಿಗೆ ಎಲ್ಲಿಲ್ಲದ ಧೈರ್ಯ ಬರುತ್ತದಲ್ಲ, ಅದು ನಿಜವೇ?

ಇಲಿಗಳಲ್ಲಂತೂ ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿದ್ದಾರೆ. ಲಿಸ್ಬನ್‌ನ ಮಾರ್ತಾ ಮೊಯಿತಾ ಅವರ ತಂಡದ 2017ರ ಪ್ರಯೋಗ. ಒಂದು ವಾಸನೆಗೆ ಹೆದರಲು ಕಲಿತ ತಾಯಿ ಇಲಿ ಒಂಟಿಯಾಗಿದ್ದರೆ ಆ ವಾಸನೆಗೆ ಮರಗಟ್ಟುತ್ತದೆ. ಮರಿಗಳು ಜೊತೆಗಿದ್ದರೆ ಮರಗಟ್ಟುವುದಿಲ್ಲ: ವಾಸನೆ ಬರುವ ಕಡೆ ನುಗ್ಗಿ ಅದನ್ನು ಮುಚ್ಚಲು ನೋಡುತ್ತದೆ, ಇಲ್ಲವೇ ಮರಿಗಳನ್ನು ನೆಕ್ಕುತ್ತ ಅವಕ್ಕೆ ಅಂಟಿಕೊಂಡಿರುತ್ತದೆ. ಅಮಿಗ್ಡಲಾದ ಕೇಂದ್ರಭಾಗದಲ್ಲಿ ಆಕ್ಸಿಟೋಸಿನ್ ಕೆಲಸವನ್ನು ತಡೆದರೆ, ಮರಿಗಳು ಎದುರಿಗಿದ್ದರೂ ತಾಯಿ ಮರಗಟ್ಟಿಬಿಡುತ್ತದೆ. ಇನ್ನೂ ಒಂದು ಸ್ವಾರಸ್ಯವಿದೆ. ಹಾಗೆ ಮರಗಟ್ಟಿದ ತಾಯಿಯ ಮರಿಗಳು ದೊಡ್ಡವಾದಮೇಲೆ ಅದೇ ವಾಸನೆಗೆ ಕಡಿಮೆ ಮರಗಟ್ಟಿದವು. ತಾಯಿ ಮೈಮೇಲೆ ಬಂದು ಕಾಪಾಡಿದಾಗಲೇ ಮರಿ ಅಪಾಯವನ್ನು ಕಲಿತದ್ದು.

ಮೊದಲಿನ ಪ್ರಶ್ನೆಗೂ ಇದು ಸಂಬಂಧಿಸಿದ್ದೇ. ಒಂದೇ ಹೆಣ್ಣಿಲಿ, ಒಂದೇ ಅಪಾಯ, ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಎರಡು ರೀತಿ ನಡೆದುಕೊಂಡಿತು. ಧೈರ್ಯ ಎಂಬ ಗುಣವನ್ನು ಲಿಂಗಕ್ಕೆ ಕಟ್ಟುವವರು ಇದಕ್ಕೆ ಏನು ಹೇಳುತ್ತಾರೋ.

ನಾನೊಬ್ಬ ತೋಟದ ರೈಟರು. ಹಣ್ಣು ಕುಯ್ಯುವವರಲ್ಲಿ ಹೆಂಗಸರೇ ಜಾಸ್ತಿ. ಆನೆ ಓಡಾಡುವ ಬ್ಲಾಕಿಗೆ ಗಂಡಾಳುಗಳನ್ನೇ ಕಳಿಸುವುದು ಒಳ್ಳೆಯದಲ್ಲವೇ?

ಈ ವಿಜ್ಞಾನದ ಹೆಸರಲ್ಲಿ ಹಾಗೆ ಮಾಡಬೇಡಿ. ಪಂಜರದ ಇಲಿಗಳಲ್ಲೇ 60 ಶೇಕಡಾ ಹೆಣ್ಣುಗಳು ಆ ಓಟ ಓಡಲಿಲ್ಲ, ಕೆಲವು ಗಂಡುಗಳು ಓಡಿದವು. ಸಾಲಿನಲ್ಲಿ ನಿಂತಿರುವ ಇಬ್ಬರಲ್ಲಿ ಯಾರು ಓಡುತ್ತಾರೆ ಯಾರು ನಿಲ್ಲುತ್ತಾರೆ ಎಂದು ಹೆಣ್ಣೋ ಗಂಡೋ ನೋಡಿ ಹೇಳಲು ಬರುವುದಿಲ್ಲ. ಅಂಥ ಬ್ಲಾಕಿಗೆ ಯಾರನ್ನು ಕಳಿಸಬೇಕು ಅನ್ನುವುದಕ್ಕಿಂತ ಯಾವಾಗ ಕಳಿಸಬೇಕು ಎಂದು ಕೇಳಿ. ಅರಣ್ಯ ಇಲಾಖೆಯ ಸಂದೇಶ ಬಂದಿದೆಯೇ, ಹಿಂದಿನ ರಾತ್ರಿ ಗುಂಪು ಎಲ್ಲಿತ್ತು, ಹೊಸ ಲದ್ದಿ ಬಿದ್ದಿದೆಯೇ, ಮಂಜು ಸರಿದಿದೆಯೇ. ಲೈನ್ ಮನೆಯಲ್ಲಿರುವ ಎಲ್ಲರ ಫೋನಿಗೂ ಆ ಸಂದೇಶ ತಲುಪುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೆಳಿಗ್ಗೆ ಹಾಜರಿ ಹಾಕುವಾಗ ಬಾಯಲ್ಲೇ ಹೇಳಿಬಿಡಿ.

ಹೆಣ್ಣು ಮಿದುಳು, ಗಂಡು ಮಿದುಳು ಅಂತ ಎರಡು ಬಗೆ ಇದೆಯೇ?

ಇಲ್ಲ. 2015ರಲ್ಲಿ ಡಾಫ್ನಾ ಜೋಯಲ್ ಮತ್ತು ಸಂಗಡಿಗರು 1,400ಕ್ಕೂ ಹೆಚ್ಚು ಜನರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ನೋಡಿದರು. ಸರಾಸರಿಯಲ್ಲಿ ಭಿನ್ನವಾಗಿರುವ ಭಾಗಗಳಿದ್ದವು, ಆದರೆ ಎಲ್ಲ ಭಾಗಗಳೂ ಹೆಣ್ಣಿನ ಕಡೆಗೇ ಅಥವಾ ಗಂಡಿನ ಕಡೆಗೇ ವಾಲಿದ ಮಿದುಳು ತೀರಾ ಅಪರೂಪ. ಹೆಚ್ಚಿನವು ಬೆರಕೆ.

ಆನೆ ಅಟ್ಟಿಸಿಕೊಂಡು ಬಂದು ತಿಂಗಳುಗಳಾದರೂ ಅತ್ತಿಗೆಗೆ ನಿದ್ದೆ ಇಲ್ಲ. ಅಣ್ಣನೂ ಅವತ್ತು ಜೊತೆಗೇ ಇದ್ದ, ಅವನು ಆರಾಮಾಗಿದ್ದಾನೆ. ಅವಳದ್ದು ಮನಸ್ಸಿನ ದೌರ್ಬಲ್ಯವೇ?

ದೌರ್ಬಲ್ಯವಲ್ಲ. ಘಟನೆ ಕಣ್ಣೆದುರು ಮತ್ತೆ ಮತ್ತೆ ಬರುವುದು, ಕೆಟ್ಟ ಕನಸು, ಆ ದಾರಿಯಲ್ಲೇ ಹೋಗದಿರುವುದು, ಎಲೆ ಅಲುಗಿದರೂ ಬೆಚ್ಚುವುದು, ಇವು ಒಂದು ತಿಂಗಳಿಗಿಂತ ಹೆಚ್ಚು ಉಳಿದು ದಿನದ ಕೆಲಸ ಕೆಡಿಸುತ್ತಿದ್ದರೆ ವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಎಂದು ಪರಿಗಣಿಸುತ್ತಾರೆ. 1995ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬಂದವರು ಹೆಂಗಸರಲ್ಲಿ 10.4 ಶೇಕಡಾ, ಗಂಡಸರಲ್ಲಿ 5 ಶೇಕಡಾ. ಒಟ್ಟಾರೆ ಆಘಾತದ ಘಟನೆಗಳಿಗೆ ಸಿಕ್ಕುವವರು ಗಂಡಸರೇ ಹೆಚ್ಚು. ಆದರೂ ಕಾಯಿಲೆ ಹೆಂಗಸರಲ್ಲಿ ಹೆಚ್ಚು. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗುವವರು ಹೆಚ್ಚಾಗಿ ಹೆಂಗಸರು ಎಂಬುದು ಇದಕ್ಕೆ ಒಂದು ಕಾರಣ, ಪೂರ್ತಿ ಕಾರಣವಲ್ಲ. ಮೇಲೆ ಹೇಳಿದ ಲೋಕಸ್ ಸೆರುಲಿಯಸ್, ಪಿಎಸಿಎಪಿ ಇವುಗಳ ಹಿಂದೆ ವಿಜ್ಞಾನಿಗಳು ಬಿದ್ದಿರುವುದು ಉಳಿದ ಕಾರಣ ಹುಡುಕಲು.

ಅಣ್ಣ ಆರಾಮಾಗಿದ್ದಾನೆ ಅಂದಿರಿ. ಮೊದಲಿಗಿಂತ ಹೆಚ್ಚು ಕುಡಿಯುತ್ತಿದ್ದಾನೆಯೇ, ಸಣ್ಣದಕ್ಕೂ ರೇಗುತ್ತಿದ್ದಾನೆಯೇ, ಆ ತೋಟದ ಮಾತು ಬಂದರೆ ಎದ್ದುಹೋಗುತ್ತಾನೆಯೇ, ಸ್ವಲ್ಪ ಗಮನಿಸಿ. ಅಮಿಗ್ಡಲಾ ಅವನಿಗೂ ಇದೆ.

ಚಿಕಿತ್ಸೆ ಇದೆ, ಕೆಲಸವನ್ನೂ ಮಾಡುತ್ತದೆ. ತಜ್ಞರ ಜೊತೆ ಕೂತು ಘಟನೆಯನ್ನು ಹಂತ ಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆಗೆ, ಹಾರ್ಮೋನಿನ ಪ್ರಶ್ನೆಗೆ ಉತ್ತರಿಸುವಾಗ ಹೇಳಿದ, ಹೆದರಿಕೆ ಆರಿಸುವ ಆ ಹೊಸ ಕಲಿಕೆಯೇ ಆಧಾರ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ತೋರಿಸಿ. ಅಲ್ಲಿಯವರೆಗೆ ಹೋಗುವುದು ಕಷ್ಟವಾದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೆದರಿಕೆ ತೆಗೆಸಿ, ಯಂತ್ರ ಕಟ್ಟಿಸಿದ್ದೇವೆ. ಸಾಕಾಗುವುದಿಲ್ಲವೇ?

ಕಟ್ಟಿಸಿದ್ದನ್ನು ಬಿಚ್ಚಿ ಎಂದು ನಾನು ಹೇಳುವುದಿಲ್ಲ. ಮನೆಯವರೆಲ್ಲ ಸೇರಿ ಕಾಳಜಿ ತೋರಿಸಿದ್ದರಿಂದ ಕೆಲವರಿಗೆ ಸಮಾಧಾನವಾಗುತ್ತದೆ. ತಿಂಗಳು ಕಳೆದರೂ ನಿದ್ದೆ ಬರದಿದ್ದರೆ ಯಂತ್ರ ಕೈಯಲ್ಲಿರುವಂತೆಯೇ ಆಸ್ಪತ್ರೆಗೂ ಕರೆದುಕೊಂಡು ಹೋಗಿ.

ಕೊನೆಗೆ ಆನೆ ಎದುರಾದರೆ ಓಡಬೇಕೋ ನಿಲ್ಲಬೇಕೋ?

ಇಲಿಯ ಮಿದುಳನ್ನು ನೋಡಿ ಇದಕ್ಕೆ ಉತ್ತರ ಹೇಳುವವರನ್ನು ನಂಬಬೇಡಿ. ಏಷ್ಯಾದ ಆನೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ನುಗ್ಗಬಲ್ಲದು. ಕಾಫಿ ಗಿಡಗಳ ನಡುವೆ, ಇಳಿಜಾರಿನಲ್ಲಿ, ಮಳೆಗಾಲದ ಜಾರುನೆಲದಲ್ಲಿ ನಮ್ಮ ಓಟ ಅದಕ್ಕೆ ಸಾಟಿಯಲ್ಲ. ಎದುರಾಗದಂತೆ ನೋಡಿಕೊಳ್ಳುವುದೇ ಉಪಾಯ. ದೂರದಿಂದ ಕಂಡರೆ ಬಂದ ದಾರಿಯಲ್ಲೇ ಹಿಂದಿರುಗಿ. ಮೊಬೈಲು ಜೇಬಲ್ಲಿರಲಿ.

ಅರ್ಜುನನ ಕಾದಾಟವೂ ಇದೇ ಭಯದ ಸರ್ಕ್ಯೂಟಿನದ್ದೇ?

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಸಲಗವೊಂದರ ಜೊತೆ ಕಾದಾಡಿ ಅರ್ಜುನ ಸತ್ತದ್ದು ಈ ಕಡೆಯ ಮಕ್ಕಳಿಗೆಲ್ಲ ಗೊತ್ತು. ಅದಕ್ಕೇ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ.

ಸುಂಡಿಲಿಗಳಲ್ಲಿ ಬೇಟೆಗಾರ ಪ್ರಾಣಿಯ ಭಯಕ್ಕೂ ಸ್ವಜಾತಿಯ ಎದುರಾಳಿಯ ಭಯಕ್ಕೂ ಹೈಪೋಥಲಾಮಸ್‌ನಲ್ಲಿ ಬೇರೆ ಬೇರೆ ಜಾಗಗಳಿವೆ. ವಿಎಂಎಚ್ ಎಂಬ ಭಾಗದ ಮೇಲ್ತುದಿ ಬೇಟೆಗಾರನಿಗೆ, ಕೆಳ ಹೊರತುದಿ ಸ್ವಜಾತಿಯವರಿಗೆ. ಕಾರ್ನೀಲಿಯಸ್ ಗ್ರಾಸ್ ಅವರ ತಂಡ 2013ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿತು. ಅದಕ್ಕೂ ಮೊದಲು, 2011ರಲ್ಲಿ, ದಾಯು ಲಿನ್ ಮತ್ತು ಸಂಗಡಿಗರು ಗಂಡು ಸುಂಡಿಲಿಯ ಆ ಕೆಳ ಹೊರತುದಿಯನ್ನು ಬೆಳಕಿನಿಂದ ಕೆರಳಿಸಿದಾಗ ಅದು ಎದುರಿಗಿದ್ದ ಸುಂಡಿಲಿಯ ಮೇಲೆ, ಕೊನೆಗೆ ಗಾಳಿ ತುಂಬಿದ ಕೈಗವಸಿನ ಮೇಲೂ ಎರಗಿತ್ತು. ಈ ಜಾಗದಲ್ಲಿ ಈಸ್ಟ್ರೊಜೆನ್ ಗ್ರಾಹಕಗಳಿರುವ ನರಕೋಶಗಳು ದಟ್ಟವಾಗಿವೆ, ಒಳಜೋಡಣೆ ಹೆಣ್ಣು ಗಂಡಿನಲ್ಲಿ ಭಿನ್ನ: ಹೆಣ್ಣು ಸುಂಡಿಲಿಯಲ್ಲಿ ಕಾದಾಟದ ಕೋಶಗಳು ಮತ್ತು ಕೂಡುವಿಕೆಯ ಕೋಶಗಳು ಪಕ್ಕಪಕ್ಕದಲ್ಲಿ ಪ್ರತ್ಯೇಕ ಕೇರಿಗಳಲ್ಲಿವೆ, ಗಂಡಿನಲ್ಲಿ ಹೆಚ್ಚು ಬೆರೆತಿವೆ. ಮದವೇರಿದ ಸಲಗದ ದೇಹದಲ್ಲಿ ಟೆಸ್ಟೋಸ್ಟಿರೋನ್ ಬಹಳ ಏರಿರುತ್ತದೆ. ಆದರೆ ಕಾದಾಡುತ್ತಿರುವ ಆನೆಯ ಮಿದುಳಿಗೆ ತಂತಿ ಇಟ್ಟು ನೋಡಿದವರು ಯಾರೂ ಇಲ್ಲ.

ಆನೆಗಳಿಗೆ ನಮ್ಮಲ್ಲಿ ಗಂಡಸು ಹೆಂಗಸು ವ್ಯತ್ಯಾಸ ತಿಳಿಯುತ್ತದೆಯೇ?

ಆಫ್ರಿಕಾದ ಆನೆಗಳಿಗೆ ತಿಳಿಯುತ್ತದೆ. ಕೀನ್ಯಾದ ಅಂಬೋಸೆಲಿಯಲ್ಲಿ ಕರೆನ್ ಮೆಕ್‌ಕೋಂಬ್ ತಂಡ ಧ್ವನಿಮುದ್ರಿಕೆಗಳನ್ನು ಕೇಳಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವದು. ಆನೆಗಳನ್ನು ಆಗಾಗ ಈಟಿಯಿಂದ ತಿವಿಯುವ ಮಸಾಯಿ ಗಂಡಸರ ದನಿ ಕೇಳಿದರೆ ಹೆಣ್ಣಾನೆಗಳ ಕುಟುಂಬ ಒತ್ತೊತ್ತಾಗಿ ಸೇರಿಕೊಂಡು ಹಿಂದೆ ಸರಿಯುತ್ತಿತ್ತು. ಅದೇ ಮಾತನ್ನು ಮಸಾಯಿ ಹೆಂಗಸರು, ಹುಡುಗರು ಹೇಳಿದರೆ ಅಥವಾ ಬೇಸಾಯ ಮಾಡುವ ಕಾಂಬಾ ಗಂಡಸರು ಹೇಳಿದರೆ ಅಷ್ಟು ಗಾಬರಿ ಇರಲಿಲ್ಲ. ಇದನ್ನು ನಂಬಿಕೊಂಡು ನಮ್ಮ ತೋಟದಲ್ಲಿ ಹೆಂಗಸರನ್ನು ಮುಂದೆ ಬಿಟ್ಟು ಕೂಗಿಸುವ ಯೋಚನೆ ಬೇಡ. ಇಲ್ಲಿ ಪಟಾಕಿ ಹೊಡೆಯುವವರು, ಕೂಗುವವರು ಯಾರ‍್ಯಾರೋ, ನಮ್ಮ ಆನೆಗಳು ಕಲಿತ ಪಾಠ ಬೇರೆಯೇ ಇರಬಹುದು.

ಮಗಳು ಪಿಯುಸಿ ಓದುತ್ತಿದ್ದಾಳೆ. ಮಿದುಳಿನ ವಿಷಯವನ್ನೇ ಮುಂದೆ ಓದಬೇಕಂತೆ. ದಾರಿ ಯಾವುದು?

ಡಾಕ್ಟರೇ ಆಗಬೇಕೆಂದಿಲ್ಲ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ ಅಥವಾ ಮನಃಶಾಸ್ತ್ರ, ಯಾವುದರಿಂದಲೂ ಈ ಕಡೆ ಬರಬಹುದು. ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿ ಬಂದವರೂ ಬಹಳ. ಬೆಂಗಳೂರಿನಲ್ಲೇ ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ ಮತ್ತು ಎನ್‌ಸಿಬಿಎಸ್ ಇವೆ. ಪಿಯುಸಿಯಲ್ಲಿ ಜೀವಶಾಸ್ತ್ರದ ಜೊತೆ ಗಣಿತವನ್ನೂ ಇಟ್ಟುಕೊಂಡಿರಲಿ. ಇಲಿ ಓಡಿತೋ ನಿಂತಿತೋ ಎಂದು ಈಗ ಕ್ಯಾಮೆರಾ ಮತ್ತು ಕಂಪ್ಯೂಟರ್ ಪ್ರೋಗ್ರಾಂ ಸೇರಿ ಲೆಕ್ಕ ಹಾಕುತ್ತವೆ, ಆ ಪ್ರೋಗ್ರಾಂ ಬರೆಯಲು ಬರುವವರಿಗೆ ಬೇಡಿಕೆ ಇದೆ.